ವೇಣೂರಿನ ಬಾಹುಬಲಿ ಮತ್ತು ಮನಸ್ಸಿನ ಮುಳ್ಳು

ವೇಣೂರಿನಲ್ಲಿ ಫಲ್ಗುಣಿ ನದಿಯ ದಡದಲ್ಲಿ ಬಾಹುಬಲಿ ನಿಂತದ್ದು 1604ರಲ್ಲಿ. ಅಂದಿನಿಂದ 420ಕ್ಕೂ ಹೆಚ್ಚು ಮಳೆಗಾಲಗಳು ಅವನ ತಲೆಯ ಮೇಲೆ ಸುರಿದು ಹೋಗಿವೆ. ನಮ್ಮ ಕಡೆಯ ಮಳೆ ಗೊತ್ತಲ್ಲ? ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರಿನವರೆಗೆ ಕೊಡೆ ಒಣಗುವುದಿಲ್ಲ. 35 ಅಡಿ ಎತ್ತರದ ಅವನಿಗೆ ಕೊಡೆಯೂ ಇಲ್ಲ, ಮಾಡೂ ಇಲ್ಲ. ಆದರೂ ಮುಖದಲ್ಲಿ ಒಂದು ಸಣ್ಣ ನಗೆ.

ಚಳಿಗಾಲ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ಬಂದು ನಿಲ್ಲುತ್ತವೆ. ಮಕ್ಕಳು ಇಳಿಯುತ್ತಾರೆ, ತಲೆ ಎತ್ತಿ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಅಷ್ಟರಲ್ಲಿ ಮೇಷ್ಟ್ರು ಸೀಟಿ ಊದುತ್ತಾರೆ. ಏಳನೇ ತರಗತಿಯಲ್ಲಿರುವ ನನ್ನ ಮೊಮ್ಮಗಳೂ ಹಾಗೆ ಹೋಗಿ ಬಂದವಳು ಒಂದು ಪ್ರಶ್ನೆ ಕೇಳಿದಳು: "ಅಜ್ಜ, ಅವನ ಕಾಲಿಗೆ, ಕೈಗೆ ಎಲ್ಲ ಬಳ್ಳಿ ಸುತ್ತಿಕೊಂಡಿದೆಯಲ್ಲ, ತುರಿಸುವುದಿಲ್ಲವಾ?"

ಮನೆಯವರೆಲ್ಲ ನಕ್ಕರು. ನನಗೆ ಮಾತ್ರ ಅದು ಒಳ್ಳೆಯ ಪ್ರಶ್ನೆ ಅನ್ನಿಸಿತು. ಯಾಕೆಂದರೆ ಬಾಹುಬಲಿಯ ಕಥೆಯಲ್ಲಿ ಬಳ್ಳಿ ಅವನನ್ನು ಕಾಡಲಿಲ್ಲ. ಕಾಡಿದ್ದು ಬೇರೆಯೇ ಒಂದು.

ಮಕ್ಕಳಿಗೆ ಕಥೆ ಗೊತ್ತಿರಬಹುದು, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕನ್ನಡದ ಆದಿಕವಿ ಪಂಪ 941ರಲ್ಲಿ ಬರೆದ 'ಆದಿಪುರಾಣ'ದಲ್ಲಿ ಇದು ಬರುತ್ತದೆ. ಆದಿನಾಥನೆಂಬ ರಾಜ ತನ್ನ ರಾಜ್ಯವನ್ನು ಮಕ್ಕಳಿಗೆ ಪಾಲು ಮಾಡಿಕೊಟ್ಟು ತಪಸ್ಸಿಗೆ ಹೋದ. ಹಿರಿಯವನು ಭರತ, ಅವನಿಗೆ ಅಯೋಧ್ಯೆ. ಅವನ ತಮ್ಮ ಬಾಹುಬಲಿ, ಅವನಿಗೆ ಪೌದನಪುರ. ಭರತ ಭೂಮಿಯನ್ನೆಲ್ಲ ಗೆದ್ದು ಮನೆಗೆ ಮರಳಿದ. ಆದರೆ ಅವನ ಮುಂದೆ ಹೋಗುತ್ತಿದ್ದ ಚಕ್ರರತ್ನ ಊರ ಬಾಗಿಲಲ್ಲಿ ನಿಂತುಬಿಟ್ಟಿತು. ಗೆಲ್ಲಬೇಕಾದವರು ಇನ್ನೂ ಉಳಿದಿದ್ದಾರೆ ಎಂದು ಅದರ ಅರ್ಥ. ಉಳಿದಿದ್ದವರು ಬೇರೆ ಯಾರೂ ಅಲ್ಲ, ಒಡಹುಟ್ಟಿದವರು! ಉಳಿದ ತಮ್ಮಂದಿರು ರಾಜ್ಯವೇ ಬೇಡವೆಂದು ತಪಸ್ಸಿಗೆ ಹೋದರು. ಬಾಹುಬಲಿ ಒಬ್ಬ ಮಾತ್ರ, ಅಣ್ಣನೆಂದು ನಮಸ್ಕರಿಸುತ್ತೇನೆ, ಚಕ್ರವರ್ತಿಯೆಂದು ತಲೆ ಬಾಗುವುದಿಲ್ಲ ಎಂದು ನಿಂತ.

ಎರಡು ಸೈನ್ಯಗಳು ಎದುರು ಬದುರಾದವು. ಆಗ ಮಂತ್ರಿಗಳು ಒಂದು ಒಳ್ಳೆಯ ಕೆಲಸ ಮಾಡಿದರು. ಅಣ್ಣ-ತಮ್ಮಂದಿರ ಜಗಳಕ್ಕೆ ಸೈನಿಕರು ಯಾಕೆ ಸಾಯಬೇಕು, ನೀವಿಬ್ಬರೇ ತೀರ್ಮಾನ ಮಾಡಿಕೊಳ್ಳಿ ಎಂದರು. ಕಣ್ಣು ಮಿಟುಕಿಸದೆ ನೋಡುವ ದೃಷ್ಟಿಯುದ್ಧ, ನೀರೆರಚುವ ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಬಾಹುಬಲಿ ಗೆದ್ದ. ಅಣ್ಣನನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿದವನು ನೆಲಕ್ಕೆ ಕುಕ್ಕದೆ ಮೆಲ್ಲನೆ ಇಳಿಸಿದ. ಸೋತ ಸಿಟ್ಟಿನಲ್ಲಿ ಭರತ ಚಕ್ರವನ್ನೇ ಬಿಟ್ಟ. ಅದು ಬಾಹುಬಲಿಗೆ ಸುತ್ತು ಬಂದು ಸುಮ್ಮನೆ ನಿಂತಿತು. ಗೆದ್ದವನಿಗೆ ಆ ಗೆಲುವು ಕಹಿಯಾಯಿತು. ರಾಜ್ಯವನ್ನು ಅಣ್ಣನಿಗೇ ಬಿಟ್ಟು ಕಾಡಿಗೆ ಹೋಗಿ ನಿಂತ.

ಒಂದು ವರ್ಷ ನಿಂತ. ಕಾಲಡಿಯಲ್ಲಿ ಹುತ್ತ ಎದ್ದಿತು, ಹಾವುಗಳು ಬಂದವು, ಬಳ್ಳಿ ತೊಡೆಯಿಂದ ತೋಳಿಗೆ ಹಬ್ಬಿತು. ಮೈ ಅಲ್ಲಾಡಲಿಲ್ಲ. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ನಮ್ಮ ಕಡೆ ಹಿರಿಯರು ಕಥೆ ಹೇಳುವಾಗ, 'ನಾನು ನಿಂತಿರುವ ಈ ನೆಲವೂ ಅಣ್ಣನದ್ದೇ ಅಲ್ಲವೇ' ಎಂಬ ಕೊರಗು ಅದು ಎನ್ನುತ್ತಾರೆ. ನನ್ನಿಂದ ಅಣ್ಣನಿಗೆ ನೋವಾಯಿತಲ್ಲ ಎಂಬ ಕೊರಗು ಎನ್ನುವವರೂ ಇದ್ದಾರೆ. ಶ್ವೇತಾಂಬರ ಜೈನರು ಹೇಳುವ ಕಥೆಯಲ್ಲಿ ತಂಗಿಯರಾದ ಬ್ರಾಹ್ಮಿ, ಸುಂದರಿಯರು ಬಂದು, ಅಣ್ಣಾ, ಮೊದಲು ಆನೆಯ ಮೇಲಿಂದ ಇಳಿ ಎನ್ನುತ್ತಾರೆ. ಕಾಡಿನಲ್ಲಿ ಬರಿಗಾಲಲ್ಲಿ ನಿಂತವನಿಗೆ ಆನೆ ಎಲ್ಲಿಂದ ಬಂತು? ಅಹಂಕಾರದ ಆನೆ! ನಮ್ಮ ಕಥೆಯಲ್ಲಿ ಭರತನೇ ಬಂದು ತಮ್ಮನ ಪಾದಕ್ಕೆ ನಮಸ್ಕರಿಸಿದ. ಮುಳ್ಳು ಕಳಚಿತು. ಆ ಕ್ಷಣದಲ್ಲೇ ಬಾಹುಬಲಿಗೆ ಕೇವಲಜ್ಞಾನ ಉಂಟಾಯಿತು.

ಇದರಲ್ಲಿ ನನಗೆ ಆಶ್ಚರ್ಯವಾಗುವುದು ಆ ಒಂದು ವರ್ಷ. ಊರು ಬಿಟ್ಟ, ಅರಮನೆ ಬಿಟ್ಟ, ಊಟ ಬಿಟ್ಟ, ಮಾತು ಬಿಟ್ಟ. ಇಷ್ಟು ಬಿಟ್ಟರೂ ಒಂದು ಸಣ್ಣ ಮನಸ್ತಾಪ ಬಿಟ್ಟು ಹೋಗಲಿಲ್ಲ. 'ಎಲ್ಲಾದರೂ ದೂರ ಹೋಗಿ ನಾಲ್ಕು ದಿನ ಸುಮ್ಮನೆ ಕೂತರೆ ಮನಸ್ಸಿಗೆ ಶಾಂತಿ ಸಿಗುತ್ತದೆ' ಎನ್ನುವವರಿಗೆ ನಾನು ಈ ಕಥೆ ನೆನಪಿಸುತ್ತೇನೆ. ಮುಳ್ಳು ಕಾಲಿನಲ್ಲೇ ಇದ್ದರೆ ಎಲ್ಲಿಗೆ ಹೋದರೂ ಕುಂಟುವುದೇ.

ವೇಣೂರಿನ ಮೂರ್ತಿಯ ಹಿಂದೆಯೂ ಒಂದು ಜಗಳ ಇದೆ. ಅದನ್ನು ನಿಲ್ಲಿಸಿದವನು ವೇಣೂರಿನ ಅರಸ ತಿಮ್ಮಣ್ಣ ಅಜಿಲ. ಕಾರ್ಕಳದಲ್ಲಿ ಆಗಲೇ 1432ರಿಂದ 42 ಅಡಿಯ ಬಾಹುಬಲಿ ಇದ್ದ. ಪಕ್ಕದಲ್ಲೇ ಇನ್ನೊಬ್ಬ ಬಾಹುಬಲಿ ಏಳುವುದು ಕಾರ್ಕಳದ ಅರಸನಿಗೆ ಸರಿಬರಲಿಲ್ಲವಂತೆ. ಮೂರ್ತಿಯನ್ನು ನನಗೇ ಕೊಡು ಎಂದ, ಇವನು ಕೊಡುವುದಿಲ್ಲ ಎಂದ, ಯುದ್ಧಕ್ಕೇ ಬಂತು. ಆಗ ಅಜಿಲ ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂತು ಅಡಗಿಸಿ, ಯುದ್ಧ ಗೆದ್ದ ಮೇಲೆ ತೆಗೆದು ನಿಲ್ಲಿಸಿದ ಎಂದು ಐತಿಹ್ಯ. ರಾಜ್ಯ ಬಿಟ್ಟವನ ಮೂರ್ತಿಗಾಗಿ ಎರಡು ರಾಜ್ಯಗಳ ಕಾದಾಟ! ನಗುವುದೋ ಅಳುವುದೋ ತಿಳಿಯುವುದಿಲ್ಲ. ಬಾಹುಬಲಿಯ ಮುಖದ ಸಣ್ಣ ನಗೆ ಅದಕ್ಕೇ ಇರಬಹುದು ಎಂದು ನಾನು ಮೊಮ್ಮಕ್ಕಳಿಗೆ ತಮಾಷೆ ಮಾಡುವುದುಂಟು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದ 39 ಅಡಿಯ ಬಾಹುಬಲಿಯನ್ನು 1973ರಲ್ಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ಟ್ರಾಲಿಯಲ್ಲಿ ಮಲಗಿಸಿ ತಂದರು. ಆ ಮೂರ್ತಿ ನಿಂತದ್ದು 1982ರಲ್ಲಿ. ಅಲ್ಲಾಡದೆ ನಿಂತವನನ್ನು ಅಲ್ಲಾಡಿಸಿ ತರುವುದು ಸುಲಭದ ಕೆಲಸವಲ್ಲ.

ಈಗ ಅಣ್ಣನ ವಿಷಯಕ್ಕೆ ಬರುತ್ತೇನೆ. ಬಾಹುಬಲಿಗೆ ಕಲ್ಲಿನಲ್ಲಿ ಸ್ಥಾನ ಸಿಕ್ಕಿತು, ಭರತನಿಗೆ ಹಾಡಿನಲ್ಲಿ. ವೇಣೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಮೂಡುಬಿದಿರೆಯಲ್ಲಿ, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ಇರುವ ಊರಿನಲ್ಲಿ, 16ನೇ ಶತಮಾನದಲ್ಲಿ ರತ್ನಾಕರವರ್ಣಿ ಎಂಬ ಕವಿ ಇದ್ದ. ಅವನು ಬರೆದ 'ಭರತೇಶ ವೈಭವ' ಸಾಂಗತ್ಯದಲ್ಲಿದೆ, ಅಂದರೆ ಹಾಡಿಕೊಳ್ಳಬಹುದಾದ ಪದ್ಯ. ಹತ್ತು ಸಾವಿರದಷ್ಟು ಪದ್ಯಗಳು. ಅದರ ನಾಯಕ ಕಾಡಿಗೆ ಹೋದ ತಮ್ಮನಲ್ಲ, ಮನೆಯಲ್ಲಿ ಉಳಿದ ಅಣ್ಣ. ಹೆಂಡತಿಯರು, ಮಕ್ಕಳು, ಆಸ್ಥಾನ, ಅಡುಗೆ, ಸಂಗೀತ, ದಂಡಯಾತ್ರೆ ಎಲ್ಲದರ ನಡುವೆಯೇ ಅವನು ಯೋಗಿ. ಅಣ್ಣ-ತಮ್ಮ ಕೈ ಮಿಲಾಯಿಸುವುದು ರತ್ನಾಕರನಿಗೆ ಇಷ್ಟವಿರಲಿಲ್ಲವೇನೋ, ಅವನ ಭರತ ಮೂರು ಯುದ್ಧ ಮಾಡುವುದೇ ಇಲ್ಲ. ಸಮಾಧಾನದ ಮಾತಿನಲ್ಲೇ ತಮ್ಮನ ಮನಸ್ಸನ್ನು ಗೆಲ್ಲುತ್ತಾನೆ. ಪುರಾಣದ ಕಥೆಯನ್ನೇ ತಿರುಗಿಸಿ ಬರೆಯಲು ಆ ಕಾಲದಲ್ಲಿ ಎಷ್ಟು ಧೈರ್ಯ ಬೇಕಿತ್ತು ನೋಡಿ.

ಭರತನ ಬಗ್ಗೆ ಜೈನರ ಮನೆಗಳಲ್ಲಿ ಒಂದು ಸಣ್ಣ ಕಥೆ ಹೇಳುತ್ತಾರೆ. ಜನಕ ರಾಜನ ಹೆಸರಿನಲ್ಲೂ ಇದನ್ನು ಕೇಳಿದ್ದೇನೆ. ಒಬ್ಬ ಮನುಷ್ಯನಿಗೆ, ಇಷ್ಟು ದೊಡ್ಡ ಅರಮನೆಯಲ್ಲಿದ್ದು ಇವನು ಎಂಥ ಯೋಗಿ ಎಂದು ಸಂಶಯ ಬಂತು. ಭರತ ಅವನ ಕೈಗೆ ಅಂಚಿನವರೆಗೆ ಎಣ್ಣೆ ತುಂಬಿದ ಬಟ್ಟಲು ಕೊಟ್ಟು, ಇದನ್ನು ಹಿಡಿದುಕೊಂಡು ಇಡೀ ಊರು ಸುತ್ತಿ ಬಾ, ಒಂದು ತೊಟ್ಟು ಚೆಲ್ಲಿದರೆ ತಲೆ ಹೋಗುತ್ತದೆ ಎಂದ. ದಾರಿಯುದ್ದಕ್ಕೂ ಕುಣಿತ, ವಾದ್ಯ, ಸಂತೆ ಎಲ್ಲ ಏರ್ಪಡಿಸಿದ. ಆ ಮನುಷ್ಯ ಸುತ್ತಿ ಬಂದ. ಊರಿನಲ್ಲಿ ಏನೇನು ನೋಡಿದೆ ಎಂದು ಕೇಳಿದರೆ, ಬಟ್ಟಲು ಬಿಟ್ಟು ಏನೂ ಕಾಣಲಿಲ್ಲ ಮಹಾಸ್ವಾಮಿ ಎಂದ.

ಈ ಬಟ್ಟಲನ್ನು ನಾನು ಕಣ್ಣಾರೆ ಕಂಡಿದ್ದೇನೆ, ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ. ನಾನು ಗುಮಾಸ್ತನಾಗಿ ಸೇರಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ, ನೋಟು ಎಣಿಸುವ ಯಂತ್ರವೂ ಇರಲಿಲ್ಲ. ಹಿತ್ತಾಳೆಯ ಟೋಕನ್, ಒದ್ದೆ ಸ್ಪಂಜು, ದಪ್ಪ ಲೆಡ್ಜರು. ತಿಂಗಳ ಮೊದಲ ದಿನ ಪಿಂಚಣಿಗೆ ಬಂದವರ ಸಾಲು ಬಾಗಿಲು ದಾಟಿ ರಸ್ತೆಗೆ ಇಳಿಯುತ್ತಿತ್ತು. ಅಡಿಕೆಯ ಹಣ ಕಟ್ಟಲು ಬಂದವರ ಅವಸರ ಬೇರೆ. ನಮ್ಮ ಹಿರಿಯ ಕ್ಯಾಷಿಯರ್ ಒಬ್ಬರಿದ್ದರು. ನೂರು ನೋಟಿನ ಕಟ್ಟು ಎಣಿಸಲು ಹಿಡಿದರೆಂದರೆ ಎದುರಿಗೆ ಯಾರು ಎಷ್ಟು ಜೋರಾಗಿ ಮಾತಾಡಿದರೂ ಎಡಗೈಯ ಕಿರುಬೆರಳು ಮಾತ್ರ ಮೇಲೇಳುತ್ತಿತ್ತು. 'ಸ್ವಲ್ಪ ತಡೆಯಿರಿ' ಎಂದು ಅದರ ಅರ್ಥ. ಕಟ್ಟು ಮುಗಿಸಿ, ಬ್ಯಾಂಡ್ ಹಾಕಿ, ಆಮೇಲೆ ತಲೆ ಎತ್ತಿ, "ಹೇಳಿ ಅಣ್ಣ, ಎಂತ ಆಯ್ತು?" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಎದುರಿನವರ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಕ್ಯಾಷ್ ಕಡಿಮೆ ಬಂದರೆ ಕ್ಯಾಷಿಯರ್ ತನ್ನ ಕಿಸೆಯಿಂದಲೇ ತುಂಬಬೇಕು. ಎಣ್ಣೆಯ ಬಟ್ಟಲೇ ಅಲ್ಲವೇ ಅದು! ಅವರು ಧ್ಯಾನ ಎಂಬ ಶಬ್ದವನ್ನು ಒಮ್ಮೆಯೂ ಹೇಳಿದ್ದನ್ನು ನಾನು ಕೇಳಿಲ್ಲ.

ಬ್ಯಾಂಕಿನಲ್ಲಿ ಇನ್ನೊಂದು ಒಳ್ಳೆಯ ಪದ್ಧತಿ ಇದೆ, ಬಿ.ಕಾಂ. ಓದುವವರಿಗೆ ಗೊತ್ತು. ಸಂಜೆ ಲೆಕ್ಕ ತಾಳೆಯಾಗದೆ ಸ್ವಲ್ಪ ಹಣ ಹೆಚ್ಚಾಗಿ ಉಳಿದರೆ, ಅದು ಯಾರದೆಂದು ತಿಳಿಯದಿದ್ದರೆ, ಸಸ್ಪೆನ್ಸ್ ಅಕೌಂಟ್ ಎಂಬ ಖಾತೆಗೆ ಹಾಕುತ್ತಾರೆ. ಎಲ್ಲಿಗೆ ಸೇರಬೇಕೆಂದು ಗೊತ್ತಿಲ್ಲದ ಮೊತ್ತಕ್ಕೆ ಅದು ಚಾವಡಿ ಇದ್ದ ಹಾಗೆ. ಅಂದಿನ ಪುಸ್ತಕ ಮುಚ್ಚಿ ಮನೆಗೆ ಹೋಗಬಹುದು, ಮರುದಿನ ತಲೆ ತಣ್ಣಗಿರುವಾಗ ಹುಡುಕಬಹುದು. ರಾತ್ರಿ ಒಂಬತ್ತು ಗಂಟೆಗೆ ಸಿಗದ ತಪ್ಪು ಬೆಳಿಗ್ಗೆ ಹತ್ತು ನಿಮಿಷದಲ್ಲಿ ಸಿಗುತ್ತಿತ್ತು. ಗೆಳತಿ ಮಾತು ಬಿಟ್ಟಳು, ಗಣಿತದಲ್ಲಿ ಅಂಕ ಕಡಿಮೆಯಾಯಿತು, ಸೊಸೆ ಏನೋ ಅಂದಳು: ಇಂಥದ್ದನ್ನು ರಾತ್ರಿ ಬಗೆಹರಿಸಲು ಕೂರಬೇಡಿ, ಸಸ್ಪೆನ್ಸಿಗೆ ಹಾಕಿ ಮಲಗಿ ಎಂದು ನಾನು ಮನೆಯಲ್ಲಿ ಹೇಳುತ್ತೇನೆ. ಆದರೆ ಸಸ್ಪೆನ್ಸ್ ಎಂದರೆ ಮರೆತುಬಿಡುವ ಖಾತೆ ಅಲ್ಲ. ಆಡಿಟರ್ ಬಂದರೆ ಮೊದಲು ಬೆರಳಿಡುವುದು ಅಲ್ಲಿಗೇ. ಇದು ಎಷ್ಟು ದಿನದಿಂದ ಇಲ್ಲಿದೆ, ಯಾಕೆ ತೀರಿಸಿಲ್ಲ ಎಂದು ಕೇಳುತ್ತಾರೆ. ಬಾಹುಬಲಿಯ ಮುಳ್ಳು ಒಂದು ವರ್ಷ ಸಸ್ಪೆನ್ಸಿನಲ್ಲಿತ್ತು.

ನಮ್ಮ ಮನೆಯಲ್ಲಿ ಇದ್ದದ್ದು ಹನ್ನೊಂದು ವರ್ಷ. ನನ್ನ ಅಪ್ಪ ಮತ್ತು ದೊಡ್ಡಪ್ಪ ಬಂಟ್ವಾಳದಲ್ಲಿ ಪಾಲಾದಾಗ ಗದ್ದೆ, ಮನೆ, ಪಾತ್ರೆ ಎಲ್ಲ ಸರಿಯಾಗಿಯೇ ಹಂಚಿಹೋಯಿತು. ಉಳಿದದ್ದು ಗಡಿಯ ಮೇಲಿದ್ದ ಒಂದು ಹಲಸಿನ ಮರ. ಬುಡ ಯಾರ ಕಡೆ, ಕೊಂಬೆ ಯಾರ ಕಡೆ ಎಂದು ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟರು. ಪ್ರತಿ ಬೇಸಗೆಯಲ್ಲಿ ಹಣ್ಣು ಬಿದ್ದು ಒಡೆದು, ನೊಣ ಮುತ್ತಿ, ಕೊಳೆತು ಹೋಗುತ್ತಿತ್ತು. ಎರಡು ಮನೆಯ ಮಕ್ಕಳೂ ವಾಸನೆ ಕುಡಿದುಕೊಂಡು ಶಾಲೆಗೆ ಹೋಗುತ್ತಿದ್ದೆವು. ಅಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ ಒಂದು ಗಂಟೆ ಜಪಕ್ಕೆ ಕೂರುತ್ತಿದ್ದರು, ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ. ನೋಡಿದವರಿಗೆ ಇವರಷ್ಟು ಶಾಂತರು ಯಾರೂ ಇಲ್ಲ ಅನ್ನಿಸಬೇಕು. ರಾತ್ರಿ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಅಂಗಳದಲ್ಲಿ ಅವರ ಚಪ್ಪಲಿಯ ಸದ್ದು ನಮಗೆ ಮಲಗಿದಲ್ಲಿಗೆ ಕೇಳುತ್ತಿತ್ತು.

1974ರ ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಬಂತು. ಬಂಟ್ವಾಳದವರಿಗೆ ನೆರೆ ಹೊಸತಲ್ಲ. 1923ರ ನೆರೆಯನ್ನು 'ಮಾರಿಬೊಳ್ಳ' ಎಂದು ಹಿರಿಯರು ನೆನೆಯುತ್ತಿದ್ದರು. ಈ ಸಲವೂ ನೀರು ಪೇಟೆಗೆ ನುಗ್ಗಿ, ನಮ್ಮ ಜಗಲಿ ದಾಟಿ, ಚಾವಡಿಗೆ ಬಂತು. ದೊಡ್ಡಪ್ಪನ ಮನೆ ಎತ್ತರದಲ್ಲಿತ್ತು. ಕತ್ತಲಾಗುವ ಹೊತ್ತಿಗೆ ಒಂದು ದೋಣಿ ನಮ್ಮ ಜಗಲಿಯ ಕಂಬಕ್ಕೆ ತಾಗಿ ನಿಂತಿತು. ಒಳಗೆ ದೊಡ್ಡಪ್ಪ, ತಲೆಗೆ ಗೋಣಿ ಹಾಕಿಕೊಂಡು. ಹನ್ನೊಂದು ವರ್ಷದ ಮೇಲೆ ತಮ್ಮನಿಗೆ ಅವರು ಹೇಳಿದ ಮೊದಲ ಮಾತು, "ಅಮ್ಮನನ್ನು ಮೊದಲು ಹತ್ತಿಸು. ನೀನು ಆ ಟ್ರಂಕು ಬಿಡು ಮಾರಾಯ." ಅಷ್ಟೇ. ಮರದ ಸುದ್ದಿ ಇಲ್ಲ, ಯಾರದು ಸರಿ ಯಾರದು ತಪ್ಪು ಎಂಬ ಲೆಕ್ಕ ಇಲ್ಲ. ಆ ರಾತ್ರಿ ಗಂಜಿ ಊಟ ಮಾಡಿ ಎಲ್ಲರೂ ದೊಡ್ಡಪ್ಪನ ಚಾವಡಿಯಲ್ಲಿ ಸಾಲಾಗಿ ಮಲಗಿದೆವು. ಕೆಳಗೆ ಮನೆಯಲ್ಲಿ ಏನು ಉಳಿದಿದೆ, ಏನು ಹೋಗಿದೆ ಗೊತ್ತಿಲ್ಲ. ಅಪ್ಪ ಗೊರಕೆ ಹೊಡೆದರು. ಅಮ್ಮ ನನ್ನನ್ನು ತಿವಿದು, "ಕೇಳು, ಕೇಳು" ಎಂದರು. ಮರು ಬೇಸಗೆಯಲ್ಲಿ ಎರಡೂ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು.

ಜಪ ಬೇಡ, ಧ್ಯಾನ ಬೇಡ ಎಂದು ನಾನು ಹೇಳುತ್ತಿಲ್ಲ. ಅಪ್ಪ ಕೊನೆಯವರೆಗೂ ಜಪ ಬಿಡಲಿಲ್ಲ, ನೆರೆಯ ಮೇಲೆ ಅದು ಇನ್ನೂ ಚೆನ್ನಾಗಿ ಸಾಗಿತು ಎಂದು ನನ್ನ ಅಂದಾಜು. ಮುಳ್ಳು ತೆಗೆಯಲಿಕ್ಕೂ ಕೈ ನಡುಗಬಾರದಲ್ಲ. ಅದಕ್ಕೆ ಮೈಯನ್ನು ತಣ್ಣಗೆ ಮಾಡುವ ಒಂದು ಉಪಾಯ ಬೇಕು. ಅದನ್ನೂ ಬಾಹುಬಲಿಯಿಂದಲೇ ಕಲಿಯಬಹುದು.

ಅವನು ನಿಂತ ಭಂಗಿಗೆ ಕಾಯೋತ್ಸರ್ಗ ಎಂದು ಹೆಸರು. ಕಾಯ ಎಂದರೆ ದೇಹ, ಉತ್ಸರ್ಗ ಎಂದರೆ ಬಿಡುವುದು. ಎರಡು ಪಾದಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗ, ಕೈಗಳು ಮೈಗೆ ಅಂಟದೆ ಕೆಳಗೆ ಇಳಿಬಿದ್ದಿರಬೇಕು, ಭುಜ ಸಡಿಲ. ಜೈನರು ಒಂಬತ್ತು ಸಲ ಣಮೋಕಾರ ಮಂತ್ರವನ್ನು, ಒಂದೊಂದಕ್ಕೆ ಮೂರು ಉಸಿರಿನಂತೆ, 27 ಉಸಿರಿನಲ್ಲಿ ಹೇಳಿಕೊಳ್ಳುತ್ತಾರೆ. ನಾನು ಜೈನನಲ್ಲ, ನನಗೆ ಬರುವುದು ಎಣಿಕೆ, ಸುಮ್ಮನೆ 27 ಎಣಿಸುತ್ತೇನೆ. ನಿಮ್ಮ ಮನೆಯ ದೇವರ ಹೆಸರು ಹೇಳಿಕೊಂಡರೂ ಆದೀತು. ಎರಡು ಮೂರು ನಿಮಿಷದ ಕೆಲಸ. ಮಂಡಿನೋವಿನ ಅಜ್ಜಿಯರು ಕುರ್ಚಿಯಲ್ಲಿ ಕೂತೇ ಮಾಡಿ, ತಲೆ ತಿರುಗುವವರು ನಿಂತು ಕಣ್ಣು ಮುಚ್ಚಬೇಡಿ.

ಮಕ್ಕಳೇ, ಇದರಲ್ಲಿ ಒಂದು ವಿಜ್ಞಾನವೂ ಇದೆ, ಈಗಲೇ ಪರೀಕ್ಷೆ ಮಾಡಬಹುದು. ಮಣಿಕಟ್ಟಿನಲ್ಲಿ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ. ಉಸಿರು ಒಳಗೆ ಹೋಗುವಾಗ ಬಡಿತ ತುಸು ಚುರುಕಾಗುತ್ತದೆ, ಹೊರಗೆ ಬರುವಾಗ ತುಸು ನಿಧಾನವಾಗುತ್ತದೆ. ಮಕ್ಕಳಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ, ನಮ್ಮಂಥ ಮುದುಕರಲ್ಲಿ ಅಷ್ಟು ಸ್ಪಷ್ಟವಿಲ್ಲ. ಮೆದುಳಿನಿಂದ ಹೃದಯಕ್ಕೂ ಹೊಟ್ಟೆಗೂ ಇಳಿದು ಬರುವ ವೇಗಸ್ ಎಂಬ ನರ ಉಸಿರು ಬಿಡುವಾಗ ಹೃದಯಕ್ಕೆ 'ನಿಧಾನ, ನಿಧಾನ' ಎಂದು ಹೇಳುತ್ತದೆ. ಆದ್ದರಿಂದ ಹೆದರಿಕೆಯಾದಾಗ ಜೋರಾಗಿ ಉಸಿರು ಎಳೆದುಕೊಳ್ಳುವುದಕ್ಕಿಂತ ಉದ್ದಕ್ಕೆ ಬಿಡುವುದು ಮುಖ್ಯ. ಮೂರು ಎಣಿಸುವಷ್ಟು ಹೊತ್ತು ಎಳೆದುಕೊಂಡರೆ ಐದು ಎಣಿಸುವಷ್ಟು ಹೊತ್ತು ಬಿಡಿ. ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚೆ, ವೇದಿಕೆಗೆ ಹತ್ತುವ ಮುಂಚೆ, ಬಿ.ಸಿ.ರೋಡಿನಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು ಗಂಟೆ ಒಂಬತ್ತಾದಾಗ ಮಾಡಿ ನೋಡಿ. ಯಾರಿಗೂ ಗೊತ್ತಾಗುವುದಿಲ್ಲ.

ಎಲ್ಲ ಕಷ್ಟವೂ ಉಸಿರಿನಿಂದ ಹೋಗುವುದಿಲ್ಲ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸೆಯಿಲ್ಲ ಎಂದಾದರೆ ಅದು ಜ್ವರದ ಹಾಗೆ ಒಂದು ಕಾಯಿಲೆ, ಡಾಕ್ಟರಿಗೆ ತೋರಿಸಬೇಕು. ಸರ್ಕಾರದ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಅಜ್ಜ-ಅಜ್ಜಿಯರು ಈ ಸಂಖ್ಯೆಯನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

ಕೊನೆಗೆ ಮಳೆಗಾಲದ ರಜೆಗೆ ಒಂದು ಆಟ. ನಮ್ಮ ಮನೆಯಲ್ಲಿ ಇದಕ್ಕೆ 'ಭರತನ ಬಟ್ಟಲು' ಎಂದು ಹೆಸರಿಟ್ಟಿದ್ದೇವೆ. ಒಂದು ಸ್ಟೀಲ್ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ, ಅಂಗೈಯ ಮೇಲಿಟ್ಟುಕೊಂಡು, ಅಡುಗೆಮನೆಯಿಂದ ಚಾವಡಿಗೆ ಬಂದು ಮರಳಬೇಕು. ಉಳಿದವರು ಮುಟ್ಟುವಂತಿಲ್ಲ, ಆದರೆ ಏನು ಬೇಕಾದರೂ ಮಾತಾಡಿ ನಗಿಸಬಹುದು, ರೇಗಿಸಬಹುದು. ಅಜ್ಜಂದಿರೂ ಆಡಬೇಕು, ವಿನಾಯಿತಿ ಇಲ್ಲ. ನೀರು ಸಾಕು, ಎಣ್ಣೆ ಬೇಡ. ತೆಂಗಿನೆಣ್ಣೆಯ ಈಗಿನ ಬೆಲೆಗೆ ಅಜ್ಜಿ ಸುಮ್ಮನಿರುವುದಿಲ್ಲ.